ಅತ್ತೆಯ ಬಾಗಿಲಿಗೆ ಎಣ್ಣೆ

ಎಲ್ಲಕ್ಕೂ ಮೂಲ, ಕೈಜಾರಿದ ಒಂದು ತಟ್ಟೆ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ದೆವ್ವಣ್ಣ ಹೋದ ವಾರ ತಟ್ಟೆ ತುಂಬ ಗಾಜು ಹಿಡಿದು ನಿಂತಿದ್ದಾಗ ಎದೆ ಡವಡವ ಹೊಡೆದುಕೊಂಡು, ಕಣ್ಣು ಕತ್ತಲಿಟ್ಟು, ತಟ್ಟೆಯನ್ನು ಯಜಮಾನರ ಕಾಲ ಮೇಲೇ ಬಿಟ್ಟಿದ್ದ. ಯಜಮಾನರು ಒಂದು ಮಾತೂ ಬೈಯಲಿಲ್ಲ. ಅವನ ಹೆಂಡತಿಗೆ ಫೋನ್ ಮಾಡಿ ಹೇಳಿಬಿಟ್ಟರು. ಬೈದಿದ್ದರೇ ವಾಸಿಯಿತ್ತು.

ದೆವ್ವಣ್ಣ ಎನ್ನುವುದು ಅವನಿಗೆ ತಂದೆತಾಯಿ ಇಟ್ಟ ಹೆಸರೇನಲ್ಲ. ಹಳೆಯ ಕಪ್ಪು ಬಿಳುಪು ದೆವ್ವದ ಸಿನಿಮಾ ಎಂದರೆ ಅವನಿಗೆ ಪ್ರಾಣ, ಅದರಿಂದ ಬಂದದ್ದು. ಬಣ್ಣದ ಸಿನಿಮಾದ ದೆವ್ವಗಳನ್ನು ಅವನು ದೆವ್ವಗಳೆಂದೇ ಒಪ್ಪುತ್ತಿರಲಿಲ್ಲ, "ಅವು ಬರೀ ಮೇಕಪ್ಪು" ಎಂದು ಮೂಗು ಮುರಿಯುತ್ತಿದ್ದ. ಅವನ ಮಂಚದ ಕೆಳಗೊಂದು ಟ್ರಂಕು. ಅದರ ತುಂಬ ಹರಿದ ಪೋಸ್ಟರುಗಳು, ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಫೋಟೋಗಳು, ಈಗ ಯಾವ ಯಂತ್ರದಲ್ಲೂ ಓಡದ ಕ್ಯಾಸೆಟ್ಟುಗಳು. ಹೆಂಡತಿ ಆ ಟ್ರಂಕನ್ನು ಪೊರಕೆಯಿಂದಲೂ ಮುಟ್ಟುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಹೆಂಡತಿ ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಅವನ ಎದೆಗೆ ಐದಾರು ವೈರು ಅಂಟಿಸಿ, ಅಂಗೈಯಗಲದ ಪೆಟ್ಟಿಗೆಯೊಂದನ್ನು ಸೊಂಟಕ್ಕೆ ಕಟ್ಟಿದರು. ಪೆಟ್ಟಿಗೆಯಲ್ಲಿ ಒಂದು ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು.

"ನಾಳೆ ಬೆಳಿಗ್ಗೆವರೆಗೂ ಇದು ಮೈಮೇಲಿರ್ಲಿ. ದಿನಾ ಏನು ಮಾಡ್ತೀರೋ ಅದೇ ಮಾಡಿ. ನಿಮ್ಮ ಎದೆಬಡಿತ ಎಲ್ಲಾ ಇದರಲ್ಲಿ ದಾಖಲಾಗುತ್ತೆ."

ಹೆಂಡತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಡಾಕ್ಟ್ರೇ, ಇವರು ಕದ್ದು ದೆವ್ವದ ಸಿನಿಮಾ ನೋಡಿದ್ರೆ ಇದರಲ್ಲಿ ಗೊತ್ತಾಗುತ್ತಾ?"

"ಎದೆ ಸ್ವಲ್ಪ ಹಾರಿದ್ರೂ ಗೊತ್ತಾಗುತ್ತಮ್ಮಾ. ಎಷ್ಟು ಹೊತ್ತಿಗೆ ಅಂತ್ಲೂ ಗೊತ್ತಾಗುತ್ತೆ."

"ಕೇಳಿಸ್ಕೊಂಡ್ರಾ?" ಎಂದು ಅವಳು ಗಂಡನ ಕಡೆ ತಿರುಗಿದಳು. "ದೆವ್ವದಿಂದ ಎದೆ ಹಾರಿದೆ ಅಂತ ನಾಳೆ ಡಾಕ್ಟ್ರು ಹೇಳಲಿ, ಆ ಟ್ರಂಕು ನಾಳೇನೇ ಗುಜರಿಯವನ ಗಾಡಿ ಹತ್ತುತ್ತೆ."

ದೆವ್ವಣ್ಣನ ಎದೆ ಧಸಕ್ಕೆಂದಿತು. ಏಕೆಂದರೆ ಅವನ ಅಂಗಿಯ ಜೇಬಿನಲ್ಲಿದ್ದ ಕನ್ನಡಕದ ಡಬ್ಬಿಯಲ್ಲಿ ಕನ್ನಡಕ ಇರಲಿಲ್ಲ. ಮಧ್ಯಾಹ್ನದ ಆಟದ ಟಿಕೆಟ್ಟು ಇತ್ತು. ಚೌಕದ ಹಳೆಯ ಟಾಕೀಸಿನಲ್ಲಿ ಈ ವಾರವಿಡೀ ಹಳೆಯ ದೆವ್ವದ ಚಿತ್ರಗಳು, ದಿನಕ್ಕೊಂದು, ಮಧ್ಯಾಹ್ನ ಒಂದೇ ಆಟ. ಇವತ್ತಿನದು ಅವನು ಹುಟ್ಟುವ ಮೊದಲೇ ಬಂದು ಹೋಗಿ, ಆಮೇಲೆ ಎಲ್ಲೂ ಕಣ್ಣಿಗೆ ಬೀಳದ ಚಿತ್ರ. ಅವನ ಅಪ್ಪ ಅದನ್ನು ನೋಡಿದ್ದ. ಮಗನನ್ನು ಮಲಗಿಸುವಾಗಲೆಲ್ಲ ಅದರ ಕತೆಯನ್ನೇ ಹೇಳುತ್ತಿದ್ದ. ಬಾಗಿಲು ತೆರೆಯುವ ಜಾಗ ಬಂದಾಗ ಗಂಟಲಿನಿಂದಲೇ "ಕಿ...ರ್...ರ್" ಎಂದು ಸದ್ದು ಹೊರಡಿಸಿ, ಕಂಬಳಿಯ ಸಂದಿಯಲ್ಲಿ ಮೆಲ್ಲಗೆ ಕೈ ತೂರಿಸುತ್ತಿದ್ದ. "ಆರು ಬೆರಳಿನ ಕೈ ಕಣೋ!" ಎನ್ನುತ್ತಿದ್ದ. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಕೈಯನ್ನು ಒಂದು ಸಲ ಕಣ್ಣಾರೆ ನೋಡಬೇಕೆಂಬ ಆಸೆ ಮಾತ್ರ ಹೋಗಿರಲಿಲ್ಲ.

ನೋಡಿದರೆ ಟ್ರಂಕು ಹೋಗುತ್ತದೆ, ಬಿಟ್ಟರೆ ಅಪ್ಪನ ಸಿನಿಮಾ ಹೋಗುತ್ತದೆ. ಅಂಗಡಿ ತಲುಪುವವರೆಗೂ ಅವನು ಇದನ್ನೇ ಯೋಚಿಸಿದ. ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ಸಿನಿಮಾ ನೋಡುವುದು, ಆದರೆ ಹೆದರದೆ ನೋಡುವುದು. ಉಸಿರು ಬಿಗಿ ಹಿಡಿದು ಕಲ್ಲಿನ ಹಾಗೆ ಕೂತರೆ ಪೆಟ್ಟಿಗೆಗೆ ಏನು ಗೊತ್ತಾಗುತ್ತದೆ?

ಅಂಗಡಿಯಲ್ಲಿ ಅವನನ್ನು ಕಲ್ಲಿನ ಹಾಗೆ ಕೂರಲು ಯಾರು ಬಿಟ್ಟಾರು? ಯಜಮಾನರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬಂದ ಗಿರಾಕಿಗಳಿಗೆಲ್ಲ "ಇವನ ಹಾರ್ಟು ರೆಕಾರ್ಡ್ ಆಗ್ತಿದೆ, ಸ್ವಲ್ಪ ಮೆಲ್ಲಗೆ ಮಾತಾಡಿ" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಗಿರಾಕಿಗಳು ಕಣ್ಣಿನ ಪರೀಕ್ಷೆಗೆ ಬಂದದ್ದನ್ನು ಮರೆತು ಅವನ ಎದೆಯನ್ನೇ ದಿಟ್ಟಿಸುತ್ತಿದ್ದರು. ಊಟದ ಹೊತ್ತಿಗೆ ಅವನು ಕೈ ಹಿಸುಕಿಕೊಳ್ಳುತ್ತ ಎದ್ದು ನಿಂತ.

"ಸಾರ್, ಮಧ್ಯಾಹ್ನ ರಜ ಬೇಕಿತ್ತು."

"ಯಾಕಪ್ಪಾ? ಎದೆ ನೋವಾ?"

"ಛೇ ಛೇ, ಇಲ್ಲ ಸಾರ್."

"ಇಲ್ಲ ಅನ್ನೋರಿಗೇ ಇರೋದು," ಎಂದವರೇ ಯಜಮಾನರು ಅವನ ಮನೆಗೆ ಫೋನ್ ಹಚ್ಚಿ, "ಇವನು ರಜ ಕೇಳ್ತಿದ್ದಾನಮ್ಮಾ" ಎಂದು ಹೇಳಿ ರಿಸೀವರನ್ನು ಅವನ ಕೈಗೇ ಕೊಟ್ಟರು.

"ರೀ, ಎಲ್ಲಿಗೆ ಹೊರಟಿದ್ದೀರಿ?" ಹೆಂಡತಿಯ ದನಿ ಬಂತು.

ದೆವ್ವಣ್ಣ ಅತ್ತಿತ್ತ ನೋಡಿದ. ಮುಂದಿನ ಮೇಜಿನ ಮೇಲೆ, ಕನ್ನಡಕದ ಕೀಲುಗಳಿಗೆ ಬಿಡುವ ಎಣ್ಣೆಯ ಪುಟ್ಟ ಬಾಟಲಿ ಇತ್ತು. ಮೊಹರು ಕೂಡ ಒಡೆಯದ ಹೊಸದು. ಮುಳುಗುವವನು ಹಗ್ಗ ಹಿಡಿದಂತೆ ಅವನು ಅದನ್ನು ಹಿಡಿದುಕೊಂಡ.

"ನಿಮ್ಮಮ್ಮನ ಮನೆಗೆ. ಆ ಬಾಗಿಲು ಕಿರುಗುಟ್ಟುತ್ತೆ ಅಂತಿದ್ರಲ್ಲ ಅತ್ತೆ... ಎಣ್ಣೆ ಬಿಟ್ಟು ಬರೋಣ ಅಂತ."

ಆ ಬಾಗಿಲಿನ ವಿಷಯ ಅವಳು ಹೇಳಿ ಹೇಳಿ ಸೋತು ಬಿಟ್ಟದ್ದಾಗಿತ್ತು. ಅತ್ತೆಯ ಮನೆ ಎಂದರೆ ದೆವ್ವಣ್ಣ ನಾಲ್ಕು ಬೀದಿ ಸುತ್ತಿಕೊಂಡು ಹೋಗುವವನು. ಅವರು ಕೆಟ್ಟವರೇನಲ್ಲ. ಆದರೆ ತಮ್ಮ ಪಿತ್ತಕೋಶದ ಆಪರೇಷನ್ನಿನ ಕತೆ ಶುರು ಮಾಡಿದರೆ ಹೊಟ್ಟೆ ಕೊಯ್ದದ್ದರಿಂದ ಹೊಲಿದದ್ದರವರೆಗೆ ಬಿಡುತ್ತಿರಲಿಲ್ಲ. ಫೋಟೋ ಆಲ್ಬಂ ಬೇರೆ ಇತ್ತು.

"ನಿಜವಾಗ್ಲೂ?" ಹೆಂಡತಿಯ ದನಿ ಮೆತ್ತಗಾಗಿತ್ತು. "ಎಷ್ಟು ಒಳ್ಳೇವ್ರು ರೀ ನೀವು! ಹುಷಾರಾಗಿ ಹೋಗಿ. ನಿಧಾನ ನಡೀರಿ."

ಪಾಪ ಎನಿಸಿತು ಅವನಿಗೆ. ಆದರೂ ಕಾಲು ನಿಲ್ಲಲಿಲ್ಲ. ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಚೌಕದ ದಿಕ್ಕಿಗೆ ಹೆಜ್ಜೆ ಹಾಕಿದ. ಟಾಕೀಸಿನ ಗೇಟು ಕಣ್ಣಿಗೆ ಬಿದ್ದಿತ್ತಷ್ಟೆ, ಹಿಂದಿನಿಂದ ಯಾರೋ ಅವನ ಮುಂಗೈ ಹಿಡಿದರು.

ಕೆಳಗಿನ ಮನೆಯ ಕಾಂಪೌಂಡರು! ಆಸ್ಪತ್ರೆಯಲ್ಲಿ ಔಷಧಿ ಕಟ್ಟಿಕೊಟ್ಟು ನಿವೃತ್ತರಾದವರು, ಎದುರಿಗೆ ಸಿಕ್ಕವರಿಗೆಲ್ಲ ನಮಸ್ಕಾರಕ್ಕೆ ಮೊದಲು ನಾಡಿ ಹಿಡಿಯುವವರು.

"ಏನಯ್ಯಾ, ನಾಡಿ ಕುದುರೆ ಓಡಿದ ಹಾಗೆ ಓಡ್ತಿದೆ! ಅತ್ತೆ ಮನೆ ಆ ಕಡೆ ಅಲ್ವಾ? ಈ ಕಡೆ ಎಲ್ಲಿಗೆ?"

"ನಿಮಗೆ... ಹೇಗೆ ಗೊತ್ತಾಯ್ತು ಅತ್ತೆ ಮನೆ ಅಂತ?"

"ನಿನ್ನ ಹೆಂಡ್ತಿನೇ ಹೇಳಿದ್ಲು. ಮೈಮೇಲೆ ಮಿಷಿನ್ ಇದೆ, ಒಬ್ರೇ ಹೋಗ್ತಿದ್ದಾರೆ, ಗೇಟಿನವರೆಗೆ ಬಿಟ್ಟು ಬನ್ನಿ ಅಂದ್ಲು. ನಡಿ ನಡಿ. ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡು."

ಕಾಂಪೌಂಡರು ಮುಂಗೈ ಬಿಡಲಿಲ್ಲ. ಟಾಕೀಸಿನ ಮೊದಲ ಗಂಟೆ ಬಾರಿಸಿದ್ದು ಬೆನ್ನ ಹಿಂದೆ ಕೇಳಿಸಿತು. ಕಳ್ಳನನ್ನು ಠಾಣೆಗೆ ಒಯ್ದಂತೆ ಅವರು ಅವನನ್ನು ಅತ್ತೆಯ ಗೇಟಿಗೆ ತಂದು ನಿಲ್ಲಿಸಿ, ಗೇಟಿನ ಮೇಲೆ ಮೊಣಕೈಯೂರಿ ನಿಂತರು.

"ಹೋಗು. ನೀನು ಒಳಗೆ ಹೋಗೋದನ್ನ ನೋಡಿಯೇ ನಾನು ಹೋಗೋದು."

ಒಳಗೆ ರೇಡಿಯೋ ಹಾಡುತ್ತಿತ್ತು. ದೆವ್ವಣ್ಣ ಬಾಗಿಲ ಮುಂದೆ ನಿಂತು, ಹಲಗೆಗೆ ತಾಗದ ಹಾಗೆ ಗಾಳಿಯಲ್ಲೇ ಎರಡು ಸಲ ಕುಟ್ಟಿದ. ಎದೆಯ ಸದ್ದು ರೇಡಿಯೋವನ್ನೂ ಮೀರಿ ಒಳಗೆ ಕೇಳಿಸೀತೆಂದು ಭಯವಾಯಿತು.

"ಹಿತ್ತಲ ಬಾಗಿಲು ತೆಗೆದಿರ್ತಾರೆ," ಎಂದು ಕಾಂಪೌಂಡರ ಕಡೆ ತಿರುಗಿ ಪಿಸುಗುಟ್ಟಿ, ಮನೆಯ ಪಕ್ಕದ ಓಣಿಯಲ್ಲಿ ನುಸುಳಿದ.

ಹಿತ್ತಲಲ್ಲಿ ಎದೆಯೆತ್ತರದ ಗೋಡೆ. ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಹಿಡಿದು ಹತ್ತಿದ. ಮೇಲೆ ಕೂತಾಗ ಪ್ಯಾಂಟು ಪರ್ರೆಂದಿತು. ಜೇಬಿನಿಂದ ಏನೋ ಒಳಗಡೆಗೆ ಬಿದ್ದ ಸದ್ದಾಯಿತು. ರೇಡಿಯೋ ಥಟ್ಟನೆ ನಿಂತಿತು. ದೆವ್ವಣ್ಣ ಹಿಂದಿರುಗಿ ನೋಡಲಿಲ್ಲ. ಆಚೆಗೆ ಧುಮುಕಿ ಓಡಿದ.

ಟಾಕೀಸಿನ ಒಳಗೆ ಕಾಲಿಟ್ಟಾಗ ಪರದೆಯ ಮೇಲೆ ಹೆಸರುಗಳು ಬರುತ್ತಿದ್ದವು. ತಡಕಾಡಿಕೊಂಡು ಹೋಗಿ ಕೂತ. ಕೂತ ಸ್ವಲ್ಪ ಹೊತ್ತಿಗೆ ಪಕ್ಕದ ಹೆಂಗಸು ಕಿಟಾರನೆ ಕಿರುಚಿದಳು.

"ಅಯ್ಯಯ್ಯೋ, ಕಣ್ಣು! ಕೆಂಪು ಕಣ್ಣು!"

ಪರದೆಯ ಮೇಲೆ ಆಗ ಬರೀ ಒಂದು ಹೂದೋಟವಿತ್ತು. ಕಣ್ಣಿದ್ದದ್ದು ದೆವ್ವಣ್ಣನ ಅಂಗಿಯೊಳಗೆ, ಮಿಣಮಿಣ ಎನ್ನುತ್ತ. ಟಾರ್ಚು ಹಿಡಿದು ಗೇಟಿನವನು ಓಡಿ ಬಂದ. ಬೇರೆ ಯಾವ ಹೊತ್ತಿನಲ್ಲಾದರೂ ದೆವ್ವಣ್ಣನಿಗೆ ಜೀವ ಬಾಯಿಗೆ ಬಂದಿರುತ್ತಿತ್ತು. ಈಗ ಅವನು ಪೆಟ್ಟಿಗೆಯ ಮೇಲೆ ಕರವಸ್ತ್ರ ಹೊದಿಸಿ, ತುಟಿಯ ಮೇಲೆ ಬೆರಳಿಟ್ಟು, "ಶ್! ಡಾಕ್ಟರ ಮಿಷಿನ್ನು. ಟಾರ್ಚು ಆರಿಸಪ್ಪಾ, ಈಗ ಮುದುಕಿ ದೀಪ ಹಿಡ್ಕೊಂಡು ಬರ್ತಾಳೆ" ಎಂದ.

ಮುದುಕಿ ದೀಪ ಹಿಡಿದುಕೊಂಡು ಬಂದಳು. ಅಪ್ಪ ಹೇಳಿದ ಹಾಗೆಯೇ ಕುಂಟುತ್ತ ಬಂದಳು. ಗಾಳಿಗೆ ದೀಪ ಆರಿತು, ಬೆಕ್ಕು ಮೆಟ್ಟಿಲ ಮೇಲೆ ನಿಂತು ಮೈ ಕೊಡವಿತು. ಟಾಕೀಸಿನಲ್ಲಿ ಜನ ಉಸಿರು ಹಿಡಿದಿದ್ದರು, ಯಾರೋ ಕುರ್ಚಿಯ ಮೇಲೆ ಕಾಲು ಮಡಚಿಕೊಂಡರು. ಮುಚ್ಚಿದ ಕೋಣೆಯ ಬಾಗಿಲು "ಕಿ...ರ್...ರ್" ಎಂದು ತೆರೆದುಕೊಳ್ಳತೊಡಗಿತು. ದೆವ್ವಣ್ಣ ಮುಂದಕ್ಕೆ ಬಾಗಿದ. ಸಂದಿಯಲ್ಲಿ ಕೈ ಕಾಣಿಸಿತು.

ಐದೇ ಬೆರಳು.

ಅವನು ಮತ್ತೆ ಎಣಿಸಿದ. ಐದೇ. ಅಪ್ಪ ಮಗನಿಗೋಸ್ಕರ ಒಂದು ಬೆರಳನ್ನು ಕೈಯಿಂದ ಹಾಕಿ ಹೇಳಿದ್ದ! ಟಾಕೀಸಿಗೆ ಟಾಕೀಸೇ ಚೀರುತ್ತಿರುವಾಗ ದೆವ್ವಣ್ಣ ಒಬ್ಬನೇ ನಕ್ಕ. ನಗುತ್ತಲೇ ಕಣ್ಣು ಒದ್ದೆಯಾಯಿತು. ಕಂಬಳಿಯ ಆ ಬಿಸಿ, ಬೀಡಿಯ ವಾಸನೆಯ ಆ ಕೈ, ಎಲ್ಲ ವಾಪಸು ಬಂದಂತಾಯಿತು. ಅಂಗಡಿ, ಯಜಮಾನರು, ಟ್ರಂಕು, ಪೆಟ್ಟಿಗೆ, ಒಂದೂ ನೆನಪಾಗಲಿಲ್ಲ. ಇಷ್ಟು ನೆಮ್ಮದಿಯಾಗಿ ಅವನು ಕೂತು ಎಷ್ಟೋ ದಿನಗಳಾಗಿದ್ದವು.

ನೆಮ್ಮದಿ ಮನೆಯ ಬಾಗಿಲವರೆಗೆ ಬಂತು. ಹೆಂಡತಿ ನಗುಮುಖದಿಂದ ಎದುರಾದಳು. ಅದೇ ಮೊದಲ ಹೆದರಿಕೆ. ಕಾಫಿ ಕೊಟ್ಟಳು, ಪ್ಯಾಂಟು ಹರಿದದ್ದಕ್ಕೂ ಬೈಯಲಿಲ್ಲ.

"ಅಮ್ಮನಿಗೆ ಫೋನ್ ಮಾಡಿದ್ದೆ ರೀ."

ಅವನು ಕಾಫಿ ಲೋಟ ಕೆಳಗಿಟ್ಟ. "ಏ... ಏನಂದ್ರು?"

"ನೀವು ಬಂದಿದ್ರಿ ಅಂದ್ಲು. ಉಳಿದದ್ದು ನಾಳೆ ಹೇಳ್ತೀನಿ, ನಾನೂ ಡಾಕ್ಟರ ಹತ್ರ ಬರ್ತೀನಿ ಅಂದ್ಲು."

ಉಳಿದದ್ದು ಎಂದರೆ ಏನು? ದೆವ್ವಣ್ಣನಿಗೆ ಊಟ ಸೇರಲಿಲ್ಲ, ನಿದ್ದೆಯೂ ಹತ್ತಲಿಲ್ಲ. ಮಂಚದ ಕೆಳಗೆ ಕೈ ಬಿಟ್ಟು ಟ್ರಂಕನ್ನು ಸವರುತ್ತ ಬೆಳಗು ಮಾಡಿದ.

ಡಾಕ್ಟರ ಕೋಣೆಯಲ್ಲಿ ಅತ್ತೆ ಆಗಲೇ ಬಂದು ಕೂತಿದ್ದರು, ಮಡಿಲಲ್ಲಿ ಕೈಚೀಲ. ಅಳಿಯನನ್ನು ನೋಡಿ ಸುಮ್ಮನೆ ನಕ್ಕರು. ಡಾಕ್ಟರು ಉದ್ದನೆಯ ಕಾಗದ ಹರವಿದರು. ಅದರ ಮೇಲೆ ಗೆರೆಗಳು ಗುಡ್ಡಬೆಟ್ಟದ ಹಾಗೆ ಏರಿಳಿದಿದ್ದವು.

"ಇಲ್ಲಿ ನೋಡಿ, ಬೆಳಿಗ್ಗೆ ನನ್ನ ಕೋಣೆಯಲ್ಲೇ ಒಂದು ಸಲ ಹಾರಿದೆ. ಊಟದ ಹೊತ್ತಿಗೆ ಇನ್ನೂ ಜೋರು. ಆಮೇಲೆ ಇಲ್ಲಂತೂ, ಏನು ಗೋಡೆ ಹಾರಿದ್ರಾ? ಸಂಜೆ ಮನೆಗೆ ಬಂದಮೇಲೆ ಬೆಳಗಿನ ತನಕ ಇಳಿದೇ ಇಲ್ಲ." ಅವರು ಕನ್ನಡಕ ಸರಿಮಾಡಿಕೊಂಡರು. "ಆದ್ರೆ ಇದು ಆಶ್ಚರ್ಯ. ಮಧ್ಯಾಹ್ನ ಎರಡರಿಂದ ನಾಲ್ಕು. ತೊಟ್ಟಿಲಲ್ಲಿ ಮಲಗಿದ ಮಗೂಗೂ ಇಂಥ ಶಾಂತಿ ಇರಲ್ಲ. ಎಲ್ಲಿದ್ರಿ ಆಗ?"

ದೆವ್ವಣ್ಣ ಡಾಕ್ಟರ ಮುಖ ನೋಡಿದ. ನಿಜ ಹೇಳಿಬಿಡಬೇಕು ಎನಿಸಿತು. ದೆವ್ವದಿಂದಲ್ಲ ಡಾಕ್ಟ್ರೇ ನನ್ನ ಎದೆ ಹಾರೋದು, ದೆವ್ವದ ಮುಂದೆ ಕೂತಾಗಲೇ ಅದು ಸರಿಯಾಗಿ ಬಡಿಯೋದು ಅಂತ ಹೇಳಿಬಿಡಬೇಕು. ಅವನು ಬಾಯಿ ತೆರೆದ.

"ನಮ್ಮಮ್ಮನ ಮನೇಲಿ!" ಎಂದಳು ಹೆಂಡತಿ, ಹೆಮ್ಮೆಯಿಂದ.

"ಹೌದು ಡಾಕ್ಟ್ರೇ," ಎಂದರು ಅತ್ತೆ. ಕೈಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ಅಳಿಯನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು. "ಬಾಗಿಲಿಗೆ ಎಣ್ಣೆ ಬಿಟ್ಟರು, ಕೂತು ನನ್ನ ಕತೆ ಎಲ್ಲಾ ಕೇಳಿದರು. ಹೋಗುವಾಗ ಇದನ್ನ ಹಿತ್ತಲಲ್ಲೇ ಮರೆತು ಹೋಗಿದ್ರಿ ಅಳಿಯಂದಿರೇ."

ಬಾಟಲಿಯ ಮೊಹರು ಒಡೆದಿರಲಿಲ್ಲ. ದೆವ್ವಣ್ಣ ಬಾಯಿ ಮುಚ್ಚಿದ.

"ಹಾಗಾದ್ರೆ ಮಾತ್ರೆ ಯಾಕೆ?" ಡಾಕ್ಟರು ಪೆನ್ನು ಕೆಳಗಿಟ್ಟರು. "ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು ಅತ್ತೆ ಮನೇಲಿ ಕೂತ್ಕೊಳ್ಳಿ. ಒಂದು ದಿನಾನೂ ತಪ್ಪಬಾರದು. ನಿಮ್ಮ ಯಜಮಾನರಿಗೆ ನಾನೇ ಹೇಳ್ತೀನಿ."

"ಅಷ್ಟು ಹೊತ್ತು ಸಾಕಾ ಡಾಕ್ಟ್ರೇ?" ಎಂದರು ಅತ್ತೆ.

ಟ್ರಂಕು ಉಳಿಯಿತು. ಹೆಂಡತಿ ಅದರ ಮಾತೇ ಎತ್ತಲಿಲ್ಲ. ಗಂಡನ ಎದೆಗೆ ಮದ್ದು ತನ್ನ ತವರಿನಲ್ಲೇ ಸಿಕ್ಕಿದ ಸಂತೋಷದಲ್ಲಿ ದೆವ್ವಗಳು ಅವಳಿಗೆ ಮರೆತೇ ಹೋಗಿದ್ದವು.

ಅದೇ ಮಧ್ಯಾಹ್ನ ಕಾಂಪೌಂಡರು ಮುಂಗೈ ಹಿಡಿದು ತಂದು ಬಿಟ್ಟು, ಗೇಟಿನ ಮೇಲೆ ಮೊಣಕೈಯೂರಿ ನಿಂತರು. ದೂರದ ಚೌಕದಲ್ಲಿ ಟಾಕೀಸಿನ ಗಂಟೆ ಬಾರಿಸಿತು. ದೆವ್ವಣ್ಣ ಈ ಸಲ ಹಲಗೆಗೆ ತಾಗಿಸಿಯೇ ಕುಟ್ಟಿದ.

ಒಳಗೆ ರೇಡಿಯೋ ನಿಂತಿತು. ಹೆಜ್ಜೆಯ ಸದ್ದು ನಿಧಾನವಾಗಿ ಹತ್ತಿರ ಬಂತು. ಎಣ್ಣೆ ಕಾಣದ ಬಾಗಿಲು "ಕಿ...ರ್...ರ್" ಎಂದು ತೆರೆದುಕೊಳ್ಳತೊಡಗಿತು. ಸಂದಿಯಲ್ಲಿ ಮೊದಲು ಒಂದು ಕೈ ಕಾಣಿಸಿತು. ಆ ಕೈಯಲ್ಲಿ ಆಪರೇಷನ್ನಿನ ಫೋಟೋ ಆಲ್ಬಂ ಇತ್ತು.

"ಬನ್ನಿ ಅಳಿಯಂದಿರೇ. ಗೋಡೆ ಹಾರೋದು ಬೇಡ, ಹೀಗೇ ಬನ್ನಿ."

ಬಾಗಿಲಿನ ಕಿರುಗುಟ್ಟುವ ಸದ್ದಿಗೆ ದೆವ್ವಣ್ಣನ ಎದೆ ಹಾರಿದ್ದು ಹುಟ್ಟಿದಮೇಲೆ ಅದೇ ಮೊದಲು. ಆದರೆ ಡಾಕ್ಟರು ಬೆಳಿಗ್ಗೆಯೇ ಪೆಟ್ಟಿಗೆ ಬಿಚ್ಚಿಕೊಂಡಿದ್ದರು.