ಒಂದೇ ದಿನ ಇದ್ದು ಹೊರಟುಹೋದ ತಪಾಸಣಾಧಿಕಾರಿಗಳಿಗೆ

ಮಾನ್ಯರೇ,

ಕಾರ್ಮಿಕ ಕಾಯಿದೆಗಳ ಕಣ್ಣೂ ಕಿವಿಯೂ ಆಗಿರುವ, ಕಾಲಿಟ್ಟ ಕಾರ್ಖಾನೆಯನ್ನು ಕಾಲಿಟ್ಟ ಗಳಿಗೆಯಲ್ಲೇ ಸ್ವರ್ಗವಾಗಿಸಬಲ್ಲ ತಮ್ಮ ಸನ್ನಿಧಾನಕ್ಕೆ, ಅಂಗಿ ಹೊಲಿಯುವ ನಮ್ಮ ಕಾರ್ಖಾನೆಯಲ್ಲಿ ಕಾಲರ್ ಕೂಡಿಸುವ ಹೆಂಗಸಾದ ನಾನು ಕೈಮುಗಿದು ಬರೆದುಕೊಳ್ಳುವ, ಊರೆಲ್ಲ ಓದಲಿ ಎಂದೇ ಬರೆಯುತ್ತಿರುವ ದೂರು ಇದು. ತಾವು ಬಂದದ್ದರ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಬಂದವರು ಹೊರಟುಹೋದಿರಲ್ಲ, ಅದೊಂದನ್ನು ಮಾತ್ರ ನಮ್ಮಿಂದ ಸಹಿಸಲಾಗುತ್ತಿಲ್ಲ.

ತಾವು ಬರುತ್ತೀರೆಂಬ ಸುದ್ದಿ ಮುಟ್ಟಿದ ದಿನದಿಂದಲೇ ನಮ್ಮ ಭಾಗ್ಯದ ಬಾಗಿಲು ತೆರೆಯಿತು. ಯಾವ ಕಾಲದಿಂದಲೋ ಅಲುಗಾಡದಿದ್ದ ಫ್ಯಾನುಗಳು ತಿರುಗಿದವು, ಕುಡಿಯುವ ನೀರಿನ ನಲ್ಲಿಯಲ್ಲಿ ನೀರೇ ಬಂತು, ಪಾಯಿಖಾನೆಯ ಕದಕ್ಕೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬಂತು, ಗೋಣಿಚೀಲ ತುಂಬಿಡುತ್ತಿದ್ದ ಕೋಣೆಯ ಮೇಲೆ 'ಶಿಶುಪಾಲನಾ ಕೇಂದ್ರ' ಎಂಬ ಬೋರ್ಡೂ ಬಂತು. ಕೇಂದ್ರವೇನೋ ಆಯಿತು, ಶಿಶುಗಳೆಲ್ಲಿ? ನನ್ನ ನಾದಿನಿಯ ಮಗುವನ್ನೂ ಅಕ್ಕಪಕ್ಕದ ಮನೆಗಳ ಕೂಸುಗಳನ್ನೂ ಒಂದು ದಿನದ ಮಟ್ಟಿಗೆ ಎರವಲು ತರಿಸಿದರು. ಕೂಸುಗಳ ಹಿಂದೆಯೇ ಬಂದ ನಮ್ಮತ್ತೆಗೆ ಬಿಳಿ ಕೋಟು ತೊಡಿಸಿ, "ಇವತ್ತೊಂದಿನ ನೀವು ನರ್ಸಮ್ಮ. ಬಾಯಿ ಬಿಡಬೇಡಿ, ಅಷ್ಟೇ" ಎಂದರು ಮ್ಯಾನೇಜರ್ ಸಾಹೇಬರು. ಮದುವೆಯಾಗಿ ಬಂದಾಗಿನಿಂದ ನನ್ನಿಂದಾಗದ ಕೆಲಸವನ್ನು ಅವರು ಒಂದು ಕೋಟಿನಿಂದ ಮಾಡಹೊರಟಿದ್ದರು.

ಎಲ್ಲಕ್ಕಿಂತ ದೊಡ್ಡ ತಲೆನೋವೆಂದರೆ ತುರ್ತು ಬಾಗಿಲು. ಇದ್ದ ಬಾಗಿಲಿನ ಮುಂದೆ ಬಟ್ಟೆಯ ಮೂಟೆಗಳು ಸೂರು ಮುಟ್ಟಿದ್ದವು, ಅವನ್ನಿಡಲು ಬೇರೆ ಜಾಗವಿರಲಿಲ್ಲ. ಹೋದ ಬೇಸಿಗೆಯಲ್ಲಿ ಇಸ್ತ್ರಿಪೆಟ್ಟಿಗೆಯ ವೈರು ಸುಟ್ಟು ಹೊಗೆ ತುಂಬಿದಾಗ ನಾವೆಲ್ಲ ಆ ಮೂಟೆಗಳನ್ನೇ ಹತ್ತಿ, ಜಾರಿ, ಒಬ್ಬರ ಮೇಲೊಬ್ಬರು ಬಿದ್ದಿದ್ದೆವು. ಅಡಿಯಲ್ಲಿ ಸಿಕ್ಕಿಬಿದ್ದ ನಮ್ಮ ಇಸ್ತ್ರಿ ಚಿಕ್ಕಮ್ಮನನ್ನು ಎಳೆದು ತೆಗೆಯುವಷ್ಟರಲ್ಲಿ ಆಕೆಯ ತುಟಿ ನೀಲಿಯಾಗಿತ್ತು. ಬದುಕಿದಳು, ಆದರೆ ಇವತ್ತಿಗೂ ಕೆಮ್ಮು ಬಿಟ್ಟಿಲ್ಲ. ಇಷ್ಟಾದರೂ ಮೂಟೆಗಳು ಕದಲಲಿಲ್ಲ. ಕದಲಿಸುವ ಬದಲು ಓಣಿಯ ಕಡೆಯ ಗೋಡೆಯ ಮೇಲೆ, ಸಿನಿಮಾ ಬ್ಯಾನರು ಬರೆಯುವ ಕಲಾವಿದರೊಬ್ಬರನ್ನು ಕರೆಸಿ, ಹೊಸ ತುರ್ತು ಬಾಗಿಲೊಂದನ್ನು ಬರೆಸಿದರು. ಹಸಿರು ಕದ, ಹಿತ್ತಾಳೆ ಹಿಡಿ, ಹಿಡಿಗೊಂದು ನೆರಳು. ಸುಳ್ಳು ಹೇಳಬಾರದು, ಅಂಥ ಚೆಂದದ ಬಾಗಿಲನ್ನು ನಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

ಇನ್ನು ನಮ್ಮ ವಿದ್ಯಾಭ್ಯಾಸ. ತಾವು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಸಲು ನಮ್ಮನ್ನು ದಿನವೂ ಕತ್ತಲಾಗುವವರೆಗೆ ನಿಲ್ಲಿಸಿಕೊಂಡರು. "ಎಷ್ಟೊತ್ತಿಗೆ ಮನೆಗೆ ಹೋಗ್ತೀರಿ?" ಎಂದು ಸಾಹೇಬರು ಕೇಳಿದರೆ, "ಐದು ಗಂಟೆಗೆ ಸಾರ್" ಎಂದು ನಾವು ಒಕ್ಕೊರಲಿನಿಂದ ಹೇಳಬೇಕು. ಗುಂಡಿ ಹೊಲಿಯುವ ನಮ್ಮ ಗುಂಡಿ ಅಕ್ಕ, ಮೊದಲ ದಿನ ತೀರ ಮುಗ್ಧಳಾಗಿ, "ಯಾವ ದೇಶದಲ್ಲಿ ಸಾರ್?" ಎಂದು ಕೇಳಿ ಬೈಸಿಕೊಂಡಳು. ಆಮೇಲೆ ಆಕೆಯಷ್ಟು ಶ್ರದ್ಧೆಯಿಂದ ಕಲಿತವರು ಇನ್ನೊಬ್ಬರಿಲ್ಲ. ಕಾಯಿದೆ ನಮಗಾಗಿ ಏನೇನು ಬರೆದಿಟ್ಟಿದೆ ಎಂಬುದನ್ನು ನಮಗೆ ಮೊಟ್ಟಮೊದಲು ತಿಳಿಸಿಕೊಟ್ಟವರು, ಅದನ್ನು ಮುರಿಯುತ್ತಿದ್ದ ಸಾಹೇಬರೇ. ಗುರುಋಣ ದೊಡ್ಡದು.

ಕೊನೆಗೂ ತಾವು ದಯಮಾಡಿಸಿದಿರಿ. ಶಿಶುಪಾಲನಾ ಕೇಂದ್ರಕ್ಕೆ ಬಂದಾಗ ನಮ್ಮತ್ತೆ ಬಾಯಿ ಬಿಡದಿರಲು ನಿಜವಾಗಿಯೂ ಪ್ರಯತ್ನಿಸಿದರು. ಆದರೆ ತಮ್ಮ ಮುಖ ನೋಡಿ ಕರುಳು ಕೇಳಲಿಲ್ಲ. "ಎಲ್ಲಿ, ನಾಲಿಗೆ ತೋರಿಸಪ್ಪ" ಎಂದರು. ತಾವು ಅಂಥ ದೊಡ್ಡ ಅಧಿಕಾರಿಗಳಾಗಿಯೂ ವಿಧೇಯರಾಗಿ ನಾಲಿಗೆ ಚಾಚಿದಿರಿ. "ಹೊಟ್ಟೆ ಕೆಟ್ಟಿದೆ. ಕಂಡೋರ ಮನೇಲಿ ಕಂಡಾಪಟ್ಟೆ ತಿಂದ್ರೆ ಇನ್ನೇನಾಗುತ್ತೆ?" ಎಂದರು. ಆ ಹೊತ್ತಿಗಷ್ಟೇ ಸಾಹೇಬರ ಮನೆಯಲ್ಲಿ ಊಟ ಮುಗಿಸಿ ಬಂದಿದ್ದ ತಾವು ಕೆಂಪಾದಿರಿ, ಸಾಹೇಬರು ಬೆಳ್ಳಗಾದರು, ಕೂಸುಗಳು ಅತ್ತವು.

ಆ ಮುಜುಗರ ಮರೆಸಲೋ ಏನೋ, ಬೆಂಕಿ ಬಿದ್ದಾಗ ನಾವು ಹೇಗೆ ಹೊರಹೋಗುತ್ತೇವೆಂದು ತೋರಿಸಲು ತಾವು ಅಪ್ಪಣೆ ಕೊಟ್ಟಿರಿ. ಗಂಟೆ ಬಾರಿಸಿದರು. ಬಾಯಿಪಾಠ ಮಾಡಿಸಿದ ಹಾಗೆಯೇ ನಾವು ನೂಕದೆ, ಕಿರುಚದೆ, ಸಾಲಾಗಿ ಹೋಗಿ ಆ ಹಸಿರು ಬಾಗಿಲಿನ ಮುಂದೆ ನಿಂತೆವು. ನಿಂತೇ ಇದ್ದೆವು. "ಯಾಕಮ್ಮ ನಿಂತ್ರಿ?" ಎಂದು ತಾವು ಕೇಳಿದಿರಿ.

"ಬಾಗಿಲು ತೆಗೀಲಿ ಅಂತ ಸಾರ್" ಎಂದಳು ಗುಂಡಿ ಅಕ್ಕ.

ತಾವೇ ಮುಂದೆ ಬಂದು ಹಿಡಿಗೆ ಕೈ ಹಾಕಿದಿರಿ. ಬಣ್ಣ ಇನ್ನೂ ಹಸಿಯಾಗಿತ್ತು. ಹಿತ್ತಾಳೆ ಹಿಡಿ ತಮ್ಮ ಅಂಗೈಗೆ ಬಂತು, ಬಾಗಿಲು ಗೋಡೆಯಲ್ಲೇ ಉಳಿಯಿತು. ನಾವೆಲ್ಲ ಉಸಿರು ಬಿಗಿಹಿಡಿದು ತಮ್ಮನ್ನೇ ನೋಡಿದೆವು. ಇಸ್ತ್ರಿ ಚಿಕ್ಕಮ್ಮನಂತೂ ಕೆಮ್ಮನ್ನೂ ತಡೆದುಕೊಂಡು ನೋಡಿದಳು. ತಾವು ಕರವಸ್ತ್ರ ತೆಗೆದು ಅಂಗೈ ಒರೆಸಿಕೊಂಡಿರಿ, ಸಾಹೇಬರ ಮುಖ ನೋಡಿದಿರಿ, ಗಡಿಯಾರ ನೋಡಿದಿರಿ, ಕಡೆಗೆ, "ಬಾಗಿಲು ಸ್ವಲ್ಪ ಬಿಗಿಯಾಗಿದೆ, ಎಣ್ಣೆ ಹಾಕಿಸಿ" ಎಂದು ಹೇಳಿ ಕಾರು ಹತ್ತಿದಿರಿ. ಈ ಮಾತನ್ನು ಕೇಳಿದ ನಮ್ಮ ಕಿವಿಗಳೇ ಧನ್ಯ.

ಆ ದಿನ ನಮ್ಮನ್ನು ನಿಜವಾಗಿಯೂ ಐದಕ್ಕೆ ಬಿಟ್ಟರು. ಹಗಲಿನ ಬೆಳಕಿನಲ್ಲಿ ಮನೆಗೆ ಬಂದ ನನ್ನನ್ನು ಕಂಡು ನನ್ನ ಗಂಡ, "ಕೆಲಸದಿಂದ ತೆಗೆದುಬಿಟ್ರಾ?" ಎಂದು ಗಾಬರಿಬಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಸುಮ್ಮನೆ ಬೀದಿ ನೋಡಿದೆ. ನಮ್ಮ ಬೀದಿಯಲ್ಲಿ ಅಷ್ಟೊಂದು ಮಕ್ಕಳಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ತಪ್ಪಾದದ್ದು ಅಲ್ಲೇ, ಮಾನ್ಯರೇ. ಒಮ್ಮೆ ರುಚಿ ಹತ್ತಿದ ನಾಲಿಗೆಗೆ ಯಾವ ಕಾಯಿದೆಯಿಂದ ಬೀಗ ಹಾಕುತ್ತೀರಿ?

ಮರುದಿನ ಫ್ಯಾನುಗಳು ನಿಂತವು, ಕೂಸುಗಳು ಎರವಲು ತೀರಿ ಮನೆಗೆ ಹೋದವು. ಆದರೆ ಐದು ಹೊಡೆದ ತಕ್ಷಣ ಗುಂಡಿ ಅಕ್ಕ ಎದ್ದಳು. ಅವಳ ಹಿಂದೆ ಇಸ್ತ್ರಿ ಚಿಕ್ಕಮ್ಮ, ಆಮೇಲೆ ನಾನು, ಆಮೇಲೆ ಇಡೀ ಸಾಲು. ಹಗಲೆಲ್ಲ "ಬೇಗ ಬೇಗ" ಎನ್ನುವುದರಿಂದ ಬೇಗಬೇಗಣ್ಣನೆಂದೇ ಹೆಸರಾದ ನಮ್ಮ ಸೂಪರ್‌ವೈಸರು, "ಎಲ್ಲಿಗ್ರೇ ಹೊರಟ್ರಿ?" ಎಂದು ಅಡ್ಡ ಬಂದರು. ನಾವು ಕಲಿತ ಪಾಠವನ್ನೇ ಒಪ್ಪಿಸಿದೆವು: "ನಾವು ಐದು ಗಂಟೆಗೆ ಮನೆಗೆ ಹೋಗ್ತೀವಿ ಸಾರ್. ನಾವು ತುಂಬಾ ಸಂತೋಷವಾಗಿದ್ದೀವಿ ಸಾರ್." ಹೇಳಿದವರು ಬೀದಿಯ ಗೇಟಿಗೆ ಹೋಗದೆ ಬರೆದ ಬಾಗಿಲಿನ ಮುಂದೆ ಸಾಲಾಗಿ ನಿಂತೆವು. ಅದು ತೆರೆಯುವವರೆಗೂ ಮಿಷನ್ನಿಗೆ ಕೂರುವುದಿಲ್ಲವೆಂದೆವು. ಕಾಲು ನಡುಗುತ್ತಿತ್ತು, ನಿಜ. ಆದರೂ ಯಾರಿಗೋ ನಗು ಬಂತು, ಅದು ಸಾಲಿನುದ್ದಕ್ಕೂ ಹರಡಿ, ಕೊನೆಗೆ ನಾವು ಹೆದರಿಕೆಯಿಂದ ನಡುಗುತ್ತಿದ್ದೇವೋ ನಗುವಿನಿಂದಲೋ ನಮಗೇ ತಿಳಿಯದಾಯಿತು.

ಸಾಹೇಬರು ಮೊದಲು ಬೈದರು, ಆಮೇಲೆ ಬೇಡಿಕೊಂಡರು, ಎಲ್ಲರನ್ನೂ ಕೆಲಸದಿಂದ ತೆಗೆಯುತ್ತೇವೆಂದರು. ಹಡಗಿಗೆ ಹೋಗಬೇಕಾದ ಅಂಗಿಗಳು ಕಾಲರಿಲ್ಲದೆ, ಗುಂಡಿಯಿಲ್ಲದೆ ರಾಶಿ ಬಿದ್ದಿದ್ದವು. ಎರಡು ದಿನ ಕಳೆಯುವಷ್ಟರಲ್ಲಿ ಗಾರೆಯವರು ಸುತ್ತಿಗೆ ಹಿಡಿದು ಬಂದು, ಕಲಾವಿದರು ಬರೆದ ಗೆರೆಯ ಮೇಲೇ ಗೋಡೆ ಒಡೆದರು. ಧೂಳು ಇಳಿದಾಗ ಆಚೆ ಓಣಿ ಕಂಡಿತು, ಓಣಿಯಲ್ಲೊಂದು ಸೈಕಲ್ಲು, ಅದರ ಮೇಲೊಂದು ಬೆಕ್ಕು. ನಾವು ಇಸ್ತ್ರಿ ಚಿಕ್ಕಮ್ಮನನ್ನೇ ಮೊದಲು ಕಳಿಸಿದೆವು. ಆಕೆ ಹೊರಗೆ ಹೋಗಿ, ಒಳಗೆ ಬಂದು, ಮತ್ತೆ ಹೊರಗೆ ಹೋಗಿ, "ಅಯ್ಯೋ, ಎಷ್ಟು ಸುಲಭ ಕಣ್ರೇ!" ಎಂದು ಅತ್ತುಬಿಟ್ಟಳು.

ಮಾನ್ಯರೇ, ಈಗ ನಾವು ಹೆಚ್ಚಿನ ದಿನ ಐದಕ್ಕೇ ಹೋಗುತ್ತೇವೆ. ನೀರಿಗಾಗಿ, ಕೂಸುಗಳ ಕೋಣೆಗಾಗಿ ಜಗಳ ಸಾಗಿದೆ. ತಮಗೆ ಪುರಸೊತ್ತಿಲ್ಲದಿದ್ದರೆ ತಮ್ಮ ಕೋಟನ್ನಾದರೂ ಕಳಿಸಿಕೊಡಿ, ಕುರ್ಚಿಯ ಬೆನ್ನಿಗೆ ತೂಗುಹಾಕುತ್ತೇವೆ. ಅದೂ ಆಗದಿದ್ದರೆ ತಾವು ಒಮ್ಮೆ ಸೀನಿದ ಸದ್ದನ್ನು ಧ್ವನಿಮುದ್ರಿಸಿ ಕಳಿಸಿ, ಅಷ್ಟಕ್ಕೇ ಫ್ಯಾನು ತಿರುಗೀತು. ತಾವು ನಮ್ಮ ಕಾರ್ಖಾನೆಗೆ 'ಮಾದರಿ' ಎಂಬ ಪ್ರಮಾಣಪತ್ರ ಕೊಟ್ಟದ್ದನ್ನು ಬಲ್ಲೆವು. ಅದು ನಿಜವಾಗುವವರೆಗೆ ನಾವು ಬಿಡುವುದಿಲ್ಲ. ತಮ್ಮ ಮಾತನ್ನು ಸುಳ್ಳಾಗಿಸುವಷ್ಟು ಕೃತಘ್ನರು ನಾವಲ್ಲ.

ಇಂತು, ಬೇಕೆಂದಾಗ ಎದ್ದು ನಿಲ್ಲಬಲ್ಲ,
ತಮ್ಮ ವಿಶ್ವಾಸಿ,
ಕಾಲರ್ ಸಾಲಿನ ಮೂರನೆಯ ಮಿಷನ್ನಿನವಳು

ಮರೆತ ಮಾತು: ತಾವು ಬರುವ ಸುದ್ದಿ ಯಾವಾಗಲೂ ತಮಗಿಂತ ಒಂದು ವಾರ ಮುಂಚೆ ಬಂದು ತಲುಪುತ್ತದೆ. ಮುಂದಿನ ಸಲ ದಯವಿಟ್ಟು ಸುದ್ದಿಯನ್ನು ಮನೆಯಲ್ಲೇ ಬಿಟ್ಟು, ತಾವೊಬ್ಬರೇ ಬನ್ನಿ.