ಆದಿರಾಜನ ನಾಲ್ಕು ಟೈರು

"ಈ ಟೈರು ನಿನ್ನ ಎಂಟನೇ ಕ್ಲಾಸಿನ ಮಾರ್ಕುಪಟ್ಟಿಯ ಹಾಗೇ ಉಂಟಲ್ಲ ಆದಿರಾಜ. ತಿರುಗಿಸಿ ತಿರುಗಿಸಿ ನೋಡಿದರೂ ಏನೂ ಕಾಣುವುದಿಲ್ಲ."

ಹೀಗೆಂದವರು ಶಾಂತಿಪ್ರಸಾದ ಮಾಸ್ಟ್ರು. ಬಿ.ಎಸ್ಸಿ. ಮಾಡಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಆದಿರಾಜನ ಅಕ್ಕ ಪದ್ಮಲತಾಳ ಗಂಡ. ಅಂದದ್ದು ಮೂಡುಬಿದಿರೆಯ ತಮ್ಮ ಮನೆಯ ಅಂಗಳದಲ್ಲಿ, ಮದುವೆಯ ಚಪ್ಪರದಡಿ, ಇಡ್ಲಿ ತಿನ್ನುತ್ತಿದ್ದ ಅಷ್ಟೂ ನೆಂಟರ ಎದುರು. ನೆಂಟರು ಬಾಯಲ್ಲಿದ್ದದ್ದನ್ನು ನುಂಗಿ ನಕ್ಕರು. ಮೂಲೆಯಲ್ಲಿದ್ದ ಮುದುಕಿಯೊಬ್ಬಳಿಗೆ ಸರಿಯಾಗಿ ಕೇಳಿಸಿರಲಿಲ್ಲ. ಮಾಸ್ಟ್ರು ತರಗತಿಯ ಅಭ್ಯಾಸದಿಂದ ಅದನ್ನೇ ಇನ್ನೊಮ್ಮೆ, ಇನ್ನೂ ನಿಧಾನವಾಗಿ, ಇನ್ನೂ ಸ್ಪಷ್ಟವಾಗಿ ಹೇಳಿದರು.

ಆದಿರಾಜ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗೆ ಕುಕ್ಕಿದ. ಒಡೆಯಲಿಲ್ಲ, ಸ್ಟೀಲಿನದ್ದು.

ಆದಿರಾಜನ ಕಾರು ಅಂಥಿಂಥದ್ದಲ್ಲ. ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಛಾವಣಿ, ಕುಂಕುಮದ ಬಣ್ಣ. ಮಂಗಳೂರಿನ ಹಂಚಿನ ಕಾರ್ಖಾನೆಯ ಬಿಳಿ ಸಾಹೇಬ ಬಿಟ್ಟುಹೋಗಿ, ಶೆಡ್ಡಿನಲ್ಲಿ ಇಲಿಗಳ ಸಂಸಾರಕ್ಕೆ ಮನೆಯಾಗಿದ್ದದ್ದನ್ನು ಆದಿರಾಜ ಗುಜರಿಯ ಲೆಕ್ಕದಲ್ಲಿ ತಂದಿದ್ದ. ಪಂಪ್‌ಸೆಟ್ ರಿಪೇರಿ ಮಾಡುವ ಅದೇ ಕೈಯಲ್ಲಿ ವರ್ಷಗಟ್ಟಲೆ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಕೊನೆಗೆ ಹುಲಿಯ ಹಾಗೆ ಗುರುಗುಟ್ಟಿಸಿದ್ದ. ಬಿ.ಎಸ್ಸಿ. ಮಾಡಿದವರು ಯಾರೂ ಇದನ್ನು ಮಾಡಿ ತೋರಿಸಿರಲಿಲ್ಲ. ಅದು ಆದಿರಾಜನಿಗೂ ಗೊತ್ತಿತ್ತು, ಬಿ.ಎಸ್ಸಿ. ಮಾಡಿದವರಿಗೂ ಗೊತ್ತಿತ್ತು. ಅವರ ಸಂಕಟ ಇದ್ದದ್ದೇ ಅಲ್ಲಿ.

ಇವತ್ತಿನ ಮದುಮಗ ಯಶೋಧರ, ಮಾಸ್ಟ್ರ ತಮ್ಮ, ಬ್ಯಾಂಕಿನ ಗುಮಾಸ್ತ. ಸಂಜೆಯ ಲಗ್ನಕ್ಕೆ ಗುರುವಾಯನಕೆರೆಯ ಜಂಕ್ಷನ್ನಿನಿಂದ ಮದುಮಗಳ ಮನೆಗೆ ದಿಬ್ಬಣ ಹೋಗಬೇಕು. ತಾನು ಹೋದರೆ ಆದಿರಾಜಣ್ಣನ ತೆರೆದ ಕಾರಿನಲ್ಲೇ ಎಂದು ಅವನು ಹಟ ಹಿಡಿದಿದ್ದ. ಮಾಸ್ಟ್ರು ಬಿಳಿ ಅಂಬಾಸಿಡರನ್ನು ಬಾಡಿಗೆಗೆ ಹೇಳಿಯಾಗಿತ್ತು. ಆದ್ದರಿಂದ ಬೆಳಿಗ್ಗೆಯೇ ಕನ್ನಡಕ ಏರಿಸಿ ಕಾರಿನ ಸುತ್ತ ತಪಾಸಣೆಗೆ ಹೊರಟಿದ್ದರು. ಬೇರೆಲ್ಲೂ ತಪ್ಪು ಸಿಗದೆ ಸವೆದು ಬೋಳಾದ ಟೈರಿನ ಬಳಿ ಕುಕ್ಕುರುಗಾಲಲ್ಲಿ ಕೂತಿದ್ದರು.

"ಸಂಜೆ ಗುರುವಾಯನಕೆರೆಯಲ್ಲಿ ನೋಡಿ ಭಾವ," ಎಂದ ಆದಿರಾಜ. "ಈ ಟೈರು ಒಳ್ಳೆಯದುಂಟು ಅಂತ ನಿಮ್ಮ ಬಾಯಲ್ಲೇ ಹೇಳಿಸ್ತೇನೆ. ಇದೇ ಜನರ ಎದುರು."

"ಹೇಳುವ ಹಾಗೆ ಇದ್ದರೆ ಹೇಳ್ತೇನೆ. ಇಲ್ಲದಿದ್ದರೆ ಅಂಬಾಸಿಡರ್ ಉಂಟು," ಎಂದು ಮಾಸ್ಟ್ರು ಕೈ ತೊಳೆಯಲು ಹೋದರು.

ಹೊಸ ಟೈರು ಹುಡುಕಲು ಕಾರು ಹೊರಡುವಾಗ ನೆರೆಮನೆಯ ತಿರುಮಲೇಶ್ವರ ಭಟ್ಟರು ಕರೆಯದೆಯೇ ಹತ್ತಿ ಕೂತರು. ಅವರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಮಡಚಿದ ಕೊಡೆಯ ಹಾಗೆ ಸಪೂರ. ಮದುವೆಗೆಂದೇ ಹೊಸ ಶಾಲು ಹೊದ್ದಿದ್ದರು. ಕಾರು ಒಂದನ್ನೂ ಓಡಿಸಿದವರಲ್ಲ, ಆದರೆ ಅವರಿಗೆ ಅಭಿಪ್ರಾಯವಿಲ್ಲದ ವಾಹನ ಜಿಲ್ಲೆಯಲ್ಲಿರಲಿಲ್ಲ.

ಸಿದ್ಧಕಟ್ಟೆ ದಾಟಿ ಬಂಟ್ವಾಳ ಮುಟ್ಟಿದರು. ಬಾಳಿಗರ ಟೈರಿನ ಅಂಗಡಿ ಪೇಟೆಗೇ ದೊಡ್ಡದು. ಕಷ್ಟ ಏನೆಂದರೆ ಆದಿರಾಜನ ಕಾರಿನ ಚಕ್ರ ಯಾರ ಜಾತಿಗೂ ಸೇರಿದ್ದಲ್ಲ. ಆಗಷ್ಟೇ ಊರಿಗೆ ಬಂದಿದ್ದ ಮಾರುತಿಯ ಟೈರು ಸಣ್ಣದಾಯಿತು, ಫಿಯೆಟಿನದು ದೊಡ್ಡದಾಯಿತು, ಅಂಬಾಸಿಡರಿನದು ಮಾತಾಡುವುದೇ ಬೇಡ. ಬಾಳಿಗರು ಒಳಗಿನಿಂದ ಕಾಗದ ಸುತ್ತಿದ ಫಾರಿನ್ ರೇಡಿಯಲ್ ಒಂದನ್ನು ಮಗುವನ್ನು ಎತ್ತಿಕೊಂಡ ಹಾಗೆ ತಂದರು. ಅಳತೆ ಸರಿ ಇತ್ತು. ಎಷ್ಟು ವೇಗದಲ್ಲಿ ತಿರುಗಿಸಿದರೂ ರಸ್ತೆ ಬಿಡುವುದಿಲ್ಲವೆಂದು ಹೊಗಳಿ, ಇನ್ನು ಮೂರು ಬೊಂಬಾಯಿಯಿಂದ ತರಿಸಬೇಕು ಎಂದರು. ಬೆಲೆ ಹೇಳಿದಾಗ ಆದಿರಾಜ ಟೈರಿನ ಮೇಲಿದ್ದ ಕೈಯನ್ನು ಮೆಲ್ಲನೆ ತೆಗೆದ. ಮುಟ್ಟಿದ್ದಕ್ಕೂ ಬಿಲ್ಲು ಹಾಕಿಯಾರು ಎಂದು.

ಅಷ್ಟರಲ್ಲಿ ಕಾರಿನ ಸುತ್ತ ಜನ ನೆರೆದಿತ್ತು. ಬಸ್ಸಿನ ಏಜೆಂಟ್, ಬೀಡಿ ಕೊಳ್ಳುವ ಬ್ರಾಂಚಿನವರು, ಕೋರ್ಟಿಗೆ ಬಂದ ಕಕ್ಷಿಗಾರರು, ಎಲ್ಲರೂ ಟೈರು ಆರಿಸತೊಡಗಿದರು. ಅಗಲದ್ದು ಹಾಕು ಎಂದರು, ಸಪೂರದ್ದು ಹಾಕು ಎಂದರು, ಜೀಪಿನದನ್ನು ಕೊಯ್ದು ಹಾಕು ಎಂದರು. ಭಟ್ಟರು ಎಲ್ಲರನ್ನೂ ಸುಮ್ಮನಿರಿಸಿ ತಮ್ಮ ತೀರ್ಮಾನ ಕೊಟ್ಟರು.

"ಹಿಂದೆ ಮಾತ್ರ ದೊಡ್ಡದು ಹಾಕು ಮಾರಾಯ. ಆಗ ಕಾರಿಗೆ ಯಾವಾಗಲೂ ಇಳಿಜಾರು. ಪೆಟ್ರೋಲೇ ಬೇಡ."

ಜನ ತಲೆ ಆಡಿಸಿತು. ಆದಿರಾಜ ಹಲ್ಲು ಕಚ್ಚಿ, ಪಕ್ಕದ ಓಣಿಯಲ್ಲಿ ರಿಸೋಲ್ ಮಾಡುವವನ ಬಳಿಗೆ ಹೋದ. ಸವೆದ ಟೈರಿನ ಮೇಲೆ ಹೊಸ ರಬ್ಬರು ಅಂಟಿಸಿ ಬೇಯಿಸಿದರೆ ಅದೇ ರಿಸೋಲ್. ಬಡವರ ಹೊಸ ಟೈರು. ಯಾವುದೋ ಕಾಲದ ಟ್ಯಾಕ್ಸಿಯದ್ದು ಎರಡು ಸಿದ್ಧವಾಗಿದ್ದವು, ಅಳತೆ ಕೂಡ ಕೂಡಿಬಂತು. ಹಿಂದಿನ ಚಕ್ರಗಳಿಗೆ ಹಾಕಿಸಿದ. ಬಿಚ್ಚಿದ ಬೋಳು ಟೈರುಗಳಿಗೆ ಡಿಕ್ಕಿಯಲ್ಲಿ ಜಾಗವಿಲ್ಲದೆ ಎರಡನ್ನೂ ಭಟ್ಟರ ಮಡಿಲಿಗೆ ಇಟ್ಟ. ಭಟ್ಟರ ಗಲ್ಲದವರೆಗೆ ಟೈರು, ಅದರ ಮೇಲೆ ಮುಖ. ಅಭಿಪ್ರಾಯ ಮಾತ್ರ ನಿಲ್ಲಲಿಲ್ಲ.

ಗುರುವಾಯನಕೆರೆಯ ದಾರಿಯಲ್ಲಿ, ಪುಂಜಾಲಕಟ್ಟೆಯ ಇಳಿಜಾರಿನಲ್ಲಿ ಆದಿರಾಜ ಆಕ್ಸಿಲರೇಟರ್ ಒತ್ತಿದ. ಎಂಥ ಟೈರು ತಂದಿದ್ದೇನೆ ನೋಡಿ ಎಂದು ಮನಸ್ಸಿನಲ್ಲೇ ಭಾವನಿಗೆ ಹೇಳುತ್ತಿದ್ದ. ಹಿಂದೆ ಟಪಟಪ ಶಬ್ದವಾಯಿತು. ಆಮೇಲೆ ಎಡಗಡೆಯಿಂದ ಕಪ್ಪಗಿನ ಬಳೆಯಂಥದ್ದೊಂದು ಕುಣಿಯುತ್ತ ಬಂದು, ಕಾರನ್ನು ದಾಟಿ, ಮುಂದೆ ಓಡಿತು.

"ಆದಿರಾಜ," ಎಂದರು ಭಟ್ಟರು, "ನಮ್ಮನ್ನು ಯಾರೋ ಓವರ್‌ಟೇಕ್ ಮಾಡಿದರಲ್ಲ."

ಅದು ಅವನದೇ ಟೈರಿನ ಹೊಸ ಸಿಪ್ಪೆ. ಓಡಿಹೋಗಿ ಒಂದು ಚಹಾದ ಅಂಗಡಿಯೊಳಗೆ ನುಗ್ಗಿ, ಗೋಳಿಬಜೆಯ ಬುಟ್ಟಿಯನ್ನು ಉರುಳಿಸಿ ಮಲಗಿತು. ಗೋಳಿಬಜೆಯ ಹಣ ಕೊಟ್ಟು, ಬಿಸಿಲಿನಲ್ಲಿ ಬೆವರಿ, ಎರಡೂ ಚಕ್ರಕ್ಕೆ ಮತ್ತೆ ಬೋಳು ಟೈರನ್ನೇ ಏರಿಸುವಷ್ಟರಲ್ಲಿ ಆದಿರಾಜನ ಹೊಸ ಅಂಗಿ ಗ್ರೀಸಿನ ಅಂಗಿಯಾಗಿತ್ತು. ಇನ್ನು ಸಾಕು, ಹಿಂದೆ ಹೋಗುವ ಎಂದರು ಭಟ್ಟರು. ಹಿಂದೆ ಹೋಗುವುದೆಂದರೆ ಆ ಅಂಗಳ, ಆ ಇಡ್ಲಿ, ಆ ನಗು. ಆದಿರಾಜ ಸ್ಪಾನರ್ ತಿರುವಿದ.

ಆಗ ಸಿಕ್ಕಿದವನು ಲಾರಿ ಡ್ರೈವರ್ ತುಕ್ರಪ್ಪ. ಚಹಾ ಕುಡಿಯಲು ಲಾರಿ ನಿಲ್ಲಿಸಿದವನು ಕಾರನ್ನು ನೋಡಿ, ಚಕ್ರವನ್ನು ನೋಡಿ, ಇಂಥದ್ದಕ್ಕೆ ಟೈರು ಕಕ್ಕಿಂಜೆಯಲ್ಲುಂಟು ಎಂದ. ಹಿಂದಿನ ವರ್ಷ ಚಾರ್ಮಾಡಿ ಘಾಟಿಯಲ್ಲಿ ಕಾರುಗಳ ರ‍್ಯಾಲಿ ಹೋದಾಗ ಬೊಂಬಾಯಿಯ ಒಂದು ಕಾರು ಚರಂಡಿಗೆ ಬಿದ್ದಿತ್ತಂತೆ. ಎತ್ತಿಕೊಟ್ಟದ್ದಕ್ಕೆ ಪಂಕ್ಚರ್ ಅಂಗಡಿಯ ಮೊಯಿದಿನಬ್ಬನಿಗೆ ಅದರ ನಾಲ್ಕೂ ಟೈರು ಸಿಕ್ಕಿತ್ತಂತೆ. ರೇಸಿನ ಟೈರು, ಹಾಕಲು ಊರಿನಲ್ಲಿ ಕಾರಿಲ್ಲ, ಆದ್ದರಿಂದ ಅಗ್ಗ.

ಆದಿರಾಜ ಬೆಳ್ತಂಗಡಿಯನ್ನು ನೋಡದೆ ದಾಟಿದ. ಕಕ್ಕಿಂಜೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮುಗಿದಿತ್ತು. ಟೈರು ಇದ್ದದ್ದು ನಿಜ. ಹಲಸಿನ ಹಣ್ಣಿನ ಸಿಪ್ಪೆಯ ಹಾಗೆ ಮುಳ್ಳುಮುಳ್ಳು ಗುಳ್ಳೆ, ಒತ್ತಿದರೆ ಬೆರಳು ಹಿಡಿಯುವ ಮೆತ್ತನೆಯ ರಬ್ಬರು. ಅವನಿಗೆ ಕಣ್ಣು ತುಂಬಿ ಬಂತು. ಮೂರು ಗೋಡೆಗೆ ಒರಗಿದ್ದವು. ನಾಲ್ಕನೆಯದರ ನಡುವೆ ಹುಲ್ಲು ಹಾಸಿ, ಮೊಟ್ಟೆಗಳ ಮೇಲೆ ಒಂದು ಹೇಂಟೆ ಕಾವಿಗೆ ಕೂತಿತ್ತು.

"ಟೈರು ನನ್ನದು ಧಣಿ," ಎಂದ ಮೊಯಿದಿನಬ್ಬ. "ಕೋಳಿ ಹೆಂಡತಿಯದ್ದು. ಎಬ್ಬಿಸುವ ಧೈರ್ಯ ನನಗಿಲ್ಲ. ನಿಮಗೆ ಉಂಟಾದರೆ ಎಬ್ಬಿಸಿ."

ಹೆಂಡತಿ ಐಸಮ್ಮ ಬಾಗಿಲಲ್ಲೇ ನಿಂತಿದ್ದಳು. ಮರಿಯಾಗುವವರೆಗೆ ಕೋಳಿ ಏಳುವುದಿಲ್ಲವೆಂದಳು. ಮದುವೆ, ಮುಹೂರ್ತ, ಭಾವನ ಮಾತು, ಎಲ್ಲವನ್ನೂ ಆದಿರಾಜ ಹೇಳಿಕೊಂಡ. ಅವಳು ಭಾವನ ಮಾತಿಗೆ ಕರಗಿದಳು. ಅವಳಿಗೂ ಅಂಥ ಒಬ್ಬ ಭಾವನಿದ್ದ. ಬೋಳು ಟೈರಿನಲ್ಲಿ ಹುಲ್ಲು ಹಾಸಿ ಕೋಳಿಯನ್ನು ದಾಟಿಸಿದರು. ಕೋಳಿ ಆದಿರಾಜನ ಎರಡೂ ಕೈ ಕುಕ್ಕಿ, ಹೊಸ ಮನೆಯನ್ನು ಒಂದು ಸುತ್ತು ನೋಡಿ, ಇಳಿದು ನಡೆಯಿತು. ಹುಲ್ಲು ಬದಲಿಸಿದರು, ಗೋಣಿ ಹಾಕಿದರು, ಒಪ್ಪಲಿಲ್ಲ. ಕೊನೆಗೆ ಭಟ್ಟರ ಹೊಸ ಶಾಲಿನ ಮೇಲೆ ಅದರ ಕಣ್ಣು ಬಿತ್ತು. ಶಾಲು ಹಾಸಿದ ಮೇಲೆ ಮಹಾರಾಣಿಯ ಹಾಗೆ ಹೋಗಿ ಕೂತಿತು. ಭಟ್ಟರು ಆ ದಿನ ಮೊದಲ ಬಾರಿಗೆ ಅಭಿಪ್ರಾಯವಿಲ್ಲದೆ ನಿಂತರು.

ಹಳೆಯ ನಾಲ್ಕು ಟೈರು, ಜೇಬಿನಲ್ಲಿದ್ದದ್ದೆಲ್ಲ, ಮೇಲೆ ಕೈಯ ವಾಚು ಕೊಟ್ಟು ವ್ಯಾಪಾರ ಮುಗಿಯಿತು. ಇಂಥ ಟೈರಿಗೆ ಗಾಳಿ ಕಡಿಮೆ ಇಡಬೇಕು, ಆಗ ನೆಲವನ್ನು ಚೆನ್ನಾಗಿ ಕಚ್ಚುತ್ತದೆ ಎಂದು ರ‍್ಯಾಲಿಯವರು ಹೇಳಿದ್ದರಂತೆ. ಮೊಯಿದಿನಬ್ಬ ಹಾಗೆಯೇ ಇಟ್ಟುಕೊಟ್ಟ.

ಪರೀಕ್ಷೆ ಮಾಡದೆ ಹೋಗುವುದು ಹೇಗೆ? ಆದಿರಾಜ ಘಾಟಿಯ ಕಡೆಗೆ ತಿರುಗಿಸಿ, ಮೊದಲ ಎರಡು ಹೇರ್‌ಪಿನ್ ತಿರುವುಗಳನ್ನು ಹತ್ತಿಸಿ ಇಳಿಸಿದ. ಕಾರು ರಸ್ತೆಗೆ ಹೊಲಿದ ಹಾಗೆ ತಿರುಗಿತು. ಜಾರಲಿಲ್ಲ, ಅಲುಗಲಿಲ್ಲ. ಅವನ ಎದೆ ಉಬ್ಬಿ ಸ್ಟಿಯರಿಂಗಿಗೆ ತಾಗಿತು. ಇದು ತನ್ನ ಕೈ ಕೆಲಸ, ತನ್ನ ಹುಡುಕಾಟ, ಯಾವ ಶಾಲೆಯೂ ಕಲಿಸಿದ್ದಲ್ಲ. ಭಟ್ಟರು ತಮಗೆ ಗೊತ್ತಿದ್ದ ದೇವರನ್ನೆಲ್ಲ ಕರೆದು ಮುಗಿಸಿದ ಮೇಲೆ ಕಣ್ಣು ಬಿಟ್ಟು ಹೇಳಿದರು.

"ಇದು ಟೈರಲ್ಲ ಮಾರಾಯ, ಉಡ."

ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ದಿಬ್ಬಣ ಕಾದಿತ್ತು. ಹೂವಿನಲ್ಲಿ ಮುಚ್ಚಿಹೋದ ಅಂಬಾಸಿಡರ್, ಪಕ್ಕದಲ್ಲಿ ಮಾಸ್ಟ್ರು. ಕಾರು ಬಂದು ನಿಂತ ಗತ್ತಿಗೆ ಧರ್ಮಸ್ಥಳದ ಬಸ್ಸಿನವರೂ ಕಿಟಕಿಯಿಂದ ತಲೆ ಹೊರಹಾಕಿದರು. ನೆಂಟರು ಟೈರು ಮುಟ್ಟಿ ಮುಟ್ಟಿ ನೋಡಿದರು. ಮಾಸ್ಟ್ರು ಬಗ್ಗಿದರು, ಕನ್ನಡಕ ಏರಿಸಿದರು, ಇಳಿಸಿದರು. ಅಂಬಾಸಿಡರಿನ ಹೂವು ಬಿಚ್ಚಿ ಇದಕ್ಕೆ ಕಟ್ಟಿ ಎಂದು ಮಾತ್ರ ಮೆಲ್ಲಗೆ ಹೇಳಿ ಹೊರಳಿದರು. ಭಾವನ ಬಾಯಿಂದ ಆ ಮಾತು ಇನ್ನೂ ಬಂದಿರಲಿಲ್ಲ. ಆದರೆ ಬರುವ ದಾರಿಯಲ್ಲಿತ್ತು. ಆದಿರಾಜ ಗ್ರೀಸಿನ ಅಂಗಿಯಲ್ಲೇ ರಾಜನ ಹಾಗೆ ಕೂತ.

ಪದ್ಮಲತಾ ಆರತಿ ಎತ್ತಿ ಮದುಮಗನನ್ನು ಕಾರಿನಲ್ಲಿ ಕೂರಿಸಿದಳು. ಮುಂದೆ ಕಲಶ ಹಿಡಿದ ಹೆಂಗಸರು, ಅವರ ಮುಂದೆ ಸ್ಯಾಕ್ಸೋಫೋನಿನ ತಂಡ. ಆದಿರಾಜ ಇಂಜಿನ್ ಚಾಲೂ ಮಾಡಿದ. ಸ್ಯಾಕ್ಸೋಫೋನಿನವನ ಕೆನ್ನೆ ಉಬ್ಬುವುದು ಕಾಣುತ್ತಿತ್ತು, ಶಬ್ದ ಮಾತ್ರ ಯಾರಿಗೂ ಕೇಳಲಿಲ್ಲ. ಫಸ್ಟ್ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟ. ರೇಸಿಗೆಂದು ಹುಟ್ಟಿದ ಟೈರು ನೆಲ ಕಚ್ಚಿ ಜಿಗಿಯಿತು. ಕಲಶದವರು ಎರಡು ಪಾಲಾಗಿ ಓಡಿದರು. ಆದಿರಾಜ ಬ್ರೇಕು ಒತ್ತಿದ. ಬೇರೆ ಕಾರಾದರೆ ಸ್ವಲ್ಪ ಜಾರಿ ನಿಲ್ಲುತ್ತಿತ್ತು. ಇದು ನಿಂತಲ್ಲೇ ನಿಂತಿತು. ಯಶೋಧರನ ಪೇಟ ನಿಲ್ಲಲಿಲ್ಲ. ಹಾರಿ ಬಾನೆಟ್ಟಿನ ಮೇಲೆ ಹೋಗಿ ಕೂತಿತು.

ಮತ್ತೆ ಹೊರಡಿಸಿದ, ಮತ್ತೆ ಜಿಗಿಯಿತು. ಮೂರನೇ ಸಲಕ್ಕೆ ಮಾಸ್ಟ್ರ ದೊಡ್ಡಪ್ಪ, ಕುಟುಂಬಕ್ಕೆ ಹಿರಿಯರು, ಕೋಲು ಅಡ್ಡ ಹಿಡಿದರು.

"ದಿಬ್ಬಣ ಅಂದರೆ ನಡೆಯುವುದು ಮಗಾ, ಓಡುವುದಲ್ಲ. ಇಂಜಿನ್ ಬಂದ್ ಮಾಡು. ನೂಕುವ."

ಬೆಳಗಿನಿಂದ ಮೂರು ಪೇಟೆಯ ಜನ ಟೈರು ಆರಿಸಿದ್ದರು. ದಿಬ್ಬಣ ನಡೆಯುವುದು ಎಂಬ ಇದೊಂದು ಮಾತು ಒಬ್ಬರ ಬಾಯಿಂದಲೂ ಬಂದಿರಲಿಲ್ಲ, ಆದಿರಾಜನ ತಲೆಯಿಂದಲೂ. ಅಂಬಾಸಿಡರಿಗೆ ದಾಟಿಸುವ ಎಂದ ಯಾರನ್ನೋ ದೊಡ್ಡಪ್ಪ ಗದರಿಸಿದರು. ಆರತಿ ಎತ್ತಿ ಕೂರಿಸಿದ ಮದುಮಗ ಇಳಿದರೆ ಮದುಮಗಳ ಮನೆಯ ಮುಂದೆಯೇ ಇಳಿಯಬೇಕು.

ರೇಷ್ಮೆ ಪಂಚೆಯ ನೆಂಟರು ಹಿಂದೆ ನಿಂತು ನೂಕಿದರು. ಗಾಳಿ ಕಡಿಮೆಯಾದ ಮೆತ್ತನೆಯ ಟೈರು ನೆಲ ಬಿಡಲೊಲ್ಲದು. ಇನ್ನೂ ನಾಲ್ಕು ಜನ ಸೇರಿದರು. ಒಂದು ಮಾರು ಹೋಗಿ ಬಂಡೆಯ ಹಾಗೆ ನಿಂತಿತು. ಭಾರ ಕಡಿಮೆ ಮಾಡಬೇಕೆಂದು ಯಾರೋ ಲೆಕ್ಕ ಹಾಕಿದರು. ಆದಿರಾಜನನ್ನು ಅವನದೇ ಕಾರಿನಿಂದ ಇಳಿಸಿ, ಕೊಡೆಯಂಥ ಭಟ್ಟರನ್ನು ಸ್ಟಿಯರಿಂಗಿಗೆ ಕೂರಿಸಿದರು. ಭಟ್ಟರು ಹಾರ್ನ್ ಎಲ್ಲಿದೆ ಎಂದು ಹುಡುಕಿ, ಒತ್ತಿ ನೋಡಿ, ತೃಪ್ತರಾದರು.

ಮಾಸ್ಟ್ರು ಡಿಕ್ಕಿಗೆ ಬೆನ್ನು ಕೊಟ್ಟು ನಿಂತಿದ್ದರು. ಕನ್ನಡಕ ಬೆವರಿನಲ್ಲಿ ಮೂಗಿನ ತುದಿಗೆ ಇಳಿದಿತ್ತು. ಉಸಿರು ತೆಗೆದುಕೊಂಡು, ಜಂಕ್ಷನ್ನಿಗೆಲ್ಲ ಕೇಳುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ಆದಿರಾಜ, ಟೈರು ಒಳ್ಳೆಯದುಂಟು. ಇಷ್ಟು ಒಳ್ಳೆಯ ಟೈರು ನಾನು ನೋಡಿಲ್ಲ. ಒಪ್ಪಿದೆ. ಈಗ ಬಾ, ಹಿಂದಿನಿಂದ ನೀನೂ ಒಂದು ಕೈ ಕೊಡು."

ಎಲ್ಲರೂ ಅವನನ್ನೇ ನೋಡಿದರು. ಆದಿರಾಜ ಅಂಗಿಯ ಕಾಲರ್ ಸರಿಮಾಡಿಕೊಂಡ. ಭಾವನನ್ನು ದಾಟಿದ, ಮದುಮಗನನ್ನು ದಾಟಿದ, ಕಲಶವನ್ನು, ಸ್ಯಾಕ್ಸೋಫೋನನ್ನು ದಾಟಿದ. ತಲೆ ಎತ್ತಿ, ಕಾರನ್ನು ನೂಕುವವರಿಗೇ ಬಿಟ್ಟು, ಮೂಡುಬಿದಿರೆಯ ರಸ್ತೆ ಹಿಡಿದು ನಡೆದ.