ಐದನೆಯ ಕನ್ನಡಿಗನ ಹುಡುಕಾಟ

ಒಂದು ದೇಶದ ಭವಿಷ್ಯ ಅದರ ಶಾಲೆಯ ಕೊಠಡಿಗಳಲ್ಲಿ ರೂಪುಗೊಳ್ಳುತ್ತದೆ ಎಂಬುದು ಸರ್ವವಿದಿತ. ಸ್ವೀಡನ್ನಿನಲ್ಲಿ ಅದು ಬೂಟು ಕಳಚಿಟ್ಟು, ಕಾಲುಚೀಲದಲ್ಲೇ ಓಡಾಡುತ್ತ ರೂಪುಗೊಳ್ಳುತ್ತದೆ. ನಾವಿರುವ ಕಾರ್ಲ್‌ಸ್ಕ್ರೂನಾದ ಶಾಲೆಯಲ್ಲಿ ನನ್ನ ಮಗಳು ಮೇದಿನಿ ಮೂರನೆಯ ತರಗತಿ. ಹೆಡ್‌ಮಿಸ್ಟ್ರೆಸ್ಸಿಗೆ ಇಲ್ಲಿ ರೆಕ್ಟರ್ ಎನ್ನುತ್ತಾರೆ; ಮಕ್ಕಳು ಮಾತ್ರ ಆಕೆಯನ್ನು ‘ಮಾಲಿನ್’ ಎಂದು ಹೆಸರು ಹಿಡಿದೇ ಕೂಗುತ್ತಾರೆ. ನಮ್ಮ ಹೆಡ್‌ಮಾಸ್ಟರಿಗೂ ಒಂದು ಹೆಸರಿದೆ ಎಂಬುದು ನನಗೆ ತಿಳಿದದ್ದೇ ಅವರು ನಿವೃತ್ತರಾದ ದಿನ. ಆರನೆಯ ತರಗತಿಯವರೆಗೆ ಇಲ್ಲಿ ಅಂಕ ಕೊಡುವುದಿಲ್ಲ. ‘ಮಗು ಚೆನ್ನಾಗಿ ಬೆಳೆಯುತ್ತಿದೆ’ ಎನ್ನುತ್ತಾರೆ, ತೆಂಗಿನ ಸಸಿಯ ಬಗ್ಗೆ ಹೇಳುವ ಹಾಗೆ. ಒಂಬತ್ತನೆಯದು ಮುಗಿದ ಮೇಲೆ ಮೂರು ವರ್ಷ ‘ಜಿಮ್ನಾಸಿಯಂ’. ಇದನ್ನು ಕೇಳಿದ ನನ್ನ ಭಾವ, “ಪಿಯುಸಿ ಓದಿಸೋದು ಬಿಟ್ಟು ಹೆಣ್ಣುಮಗೂನ ತೂಕ ಎತ್ತೋಕೆ ಕಳಿಸ್ತೀರಾ?” ಎಂದು ಬಹಳ ದಿನ ನೊಂದುಕೊಂಡಿದ್ದರು.

ನನ್ನ ಕಷ್ಟ ಅದಲ್ಲ. ತಿಪಟೂರಿನಲ್ಲಿರುವ ನನ್ನ ತಾಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಭಾನುವಾರದ ವಿಡಿಯೋ ಕಾಲಿನಲ್ಲಿ ಅಜ್ಜಿ “ಊಟ ಆಯ್ತೇನೇ ಪುಟ್ಟಿ?” ಎನ್ನುವುದು, ಮೊಮ್ಮಗಳು “ಆಯ್ತು, ಹೇ ದೋ” ಎಂದು ಓಡುವುದು, ಅಲ್ಲಿಗೆ ಮಾತುಕತೆ ಮುಗಿಯಿತು. ‘ಹೇ ದೋ’ ಎಂದರೆ ಸ್ವೀಡಿಷ್‌ನಲ್ಲಿ ‘ಬರ್ತೀನಿ’ ಎಂದು. ನನ್ನ ತಾಯಿ ಮಾತ್ರ, “ಮಗು ದೋಸೆ ಕೇಳ್ತಿದೆ ಕಣೋ. ಹಾಕಿಕೊಡೋಕೇನು ಧಾಡಿ ನಿಮಗೆ?” ಎಂದು ನನ್ನನ್ನೂ ಹೆಂಡತಿ ಸುಮಾಳನ್ನೂ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಬೇಸಗೆಗೆ ಅವರು ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬರುವವರಿದ್ದರು. ಅಜ್ಜಿ, ಮೊಮ್ಮಗಳು ಇಬ್ಬರೂ ಒಂದೇ ಸೂರಿನಡಿ ಬರೀ ಊಟದ ವಿಚಾರಣೆಯ ಮೇಲೆ ಅಷ್ಟು ದಿನ ದೂಡುವುದು ಹೇಗೆ?

ಇಂಥ ಹೊತ್ತಿನಲ್ಲಿ ನನ್ನ ಕೈಹಿಡಿದದ್ದು ಸ್ವೀಡನ್ನಿನ ಶಿಕ್ಷಣ ಕಾನೂನು. ಇಲ್ಲಿ ಕಾನೂನು ರಾಷ್ಟ್ರದ್ದು, ಶಾಲೆ ಬಹುಮಟ್ಟಿಗೆ ಕೊಮ್ಮೂನಿನದು, ಅಂದರೆ ನಮ್ಮ ಕಡೆಯ ಪುರಸಭೆ ಇದ್ದ ಹಾಗೆ. ಕೊಮ್ಮೂನಿನಲ್ಲಿ ಐದು ಮಕ್ಕಳು ಕೇಳಿದರೆ, ಕಲಿಸುವವರು ಸಿಕ್ಕರೆ, ಶಾಲೆಯೇ ಅವರ ಮಾತೃಭಾಷೆಯನ್ನು ಪಾಠ ಮಾಡಿಸಬೇಕು. ಮಗುವಿಗೆ ಆ ಭಾಷೆ ಅಷ್ಟಿಷ್ಟು ಬರಬೇಕು, ಮನೆಯಲ್ಲಿ ಅದು ದಿನನಿತ್ಯದ ಬಳಕೆಯಲ್ಲಿರಬೇಕು, ಷರತ್ತು ಇಷ್ಟೇ. ಕನ್ನಡ ಎಂ.ಎ. ಮಾಡಿದವರೊಬ್ಬರು ಊರಿನಲ್ಲೇ ಇದ್ದರು. ಮಕ್ಕಳ ಪೈಕಿ ನನ್ನ ಮೇದಿನಿ, ಕುಂದಾಪುರದ ಶೆಟ್ಟರ ಅವಳಿಗಳು, ಧಾರವಾಡದ ಪಾಟೀಲರ ಮಗ. ನಾಲ್ಕಾಯಿತು. ಐದನೆಯ ಕನ್ನಡಿಗನಿಗಾಗಿ ನಾನು ಬಸ್ ನಿಲ್ದಾಣ, ಲಾಂಡ್ರಿ ಕೋಣೆ ಎನ್ನದೆ ಎಲ್ಲೆಡೆ ಕಿವಿ ನಿಮಿರಿಸಿ ಅಲೆದೆ. ಕೊನೆಗೆ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಸತೀಶನ ಮನೆ ಹೊಕ್ಕೆ.

“ನಿಮ್ಮ ಮಗ ಆರ್ಯನ್‌ದು ಮದರ್ ಟಂಗ್ ಕನ್ನಡ ತಾನೇ?”

“ಸಾರಿ ಸರ್, ನಮ್ಮನೇಲಿ ತೆಲುಗು.”

“ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ರೀ!”

“ಅದು ಆಚೆ ಸರ್. ಬಸವನಗುಡೀಲಿ ಬೆಳೆದೋನಲ್ವಾ.”

ಕಾಫಿ ತಂದಿಟ್ಟ ಅವನ ಹೆಂಡತಿ ವನಿತಾ ಅಲ್ಲೇ ನಿಂತರು. “ಏನ್ರೀ ಹಾಗಂತೀರಾ? ಜಗಳ ಎಲ್ಲಾ ಕನ್ನಡದಲ್ಲೇ ತಾನೇ ಆಡೋದು? ತೆಲುಗಲ್ಲಿ ಬೈಯೋಕೆ ನಂಗೆ ಫೋರ್ಸೇ ಬರಲ್ಲ.”

“ದಿನಾ ಆಡ್ತೀರಾ?” ಎಂದೆ.

“ದಿನಾ ಒಂದು ಹೊತ್ತು, ವೀಕೆಂಡಲ್ಲಿ ಎರಡು ಹೊತ್ತು ಸರ್,” ಎಂದ ಸತೀಶ.

ದಿನನಿತ್ಯದ ಬಳಕೆ ಎಂದರೆ ಇದಕ್ಕಿಂತ ಹೆಚ್ಚೇನು ಬೇಕು? ಪರರ ದಾಂಪತ್ಯಕಲಹದಿಂದ ನಾನು ಅಷ್ಟು ಪುಳಕಿತನಾದದ್ದು ಅದೇ ಮೊದಲು.

ಮಕ್ಕಳನ್ನು ಮಾಲಿನ್ ತನ್ನ ಕೋಣೆಗೆ ಕರೆಸಿ ಸ್ವೀಡಿಷ್‌ನಲ್ಲಿ ವಿಚಾರಿಸಿದಳು. ನಾನೂ ಒಂದು ಮೂಲೆಯಲ್ಲಿ ಕಾಲುಚೀಲದಲ್ಲಿ ಕುಳಿತಿದ್ದೆ. ಮೊದಲ ಮೂವರು ಸಲೀಸಾಗಿ ಪಾಸಾದರು. ಆರ್ಯನ್‌ಗೆ ಒಂದೆರಡು ವಾಕ್ಯ ಕನ್ನಡ ಹೇಳೆಂದಾಗ, ಅವನು ಸೊಂಟದ ಮೇಲೆ ಕೈಯಿಟ್ಟು, “ಎಲ್ಲಾ ನಿಮ್ಮಮ್ಮ ಹೇಳಿಕೊಟ್ಟಿದ್ದು! ನಾನು ಅಂತ ಬಾಳ್ವೆ ಮಾಡ್ತಿದೀನಿ, ಬೇರೆಯವಳಾಗಿದ್ರೆ ಯಾವತ್ತೋ ಓಡಿ ಹೋಗ್ತಿದ್ಲು!” ಎಂದು ಒಂದೇ ಉಸಿರಿನಲ್ಲಿ ಒದರಿದ. ಇದು ಕನ್ನಡವೇ ಎಂದು ಮಾಲಿನ್ ನನ್ನತ್ತ ನೋಡಿದಳು. ಅಚ್ಚಗನ್ನಡ ಎಂದು ಸಾಕ್ಷಿ ನುಡಿದೆ.

ಉಳಿದವಳು ನನ್ನ ಮಗಳು. ಮನೆಯಲ್ಲಿ ಕನ್ನಡ ಮಾತಾಡುತ್ತೀರಾ ಎಂದು ಮಾಲಿನ್ ಕೇಳಿದಳು.

“ನನ್ನ ಜೊತೆ ಇಂಗ್ಲಿಷ್,” ಎಂದಳು ಮೇದಿನಿ. “ಕನ್ನಡ ಪಪ್ಪ, ಮಮ್ಮಾ ಇಬ್ಬರದ್ದು. ನನಗೆ ಗೊತ್ತಾಗಬಾರದ್ದು ಏನಾದರೂ ಇದ್ದಾಗ ಮಾತಾಡಿಕೊಳ್ಳುತ್ತಾರೆ.”

ಸುಳ್ಳು ಹೇಳಬಾರದೆಂದು ಕಲಿಸುವ ಶಿಕ್ಷಣ ಪದ್ಧತಿಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಮಾಲಿನ್ ಬಹಳ ಸೌಜನ್ಯದಿಂದ ನಿಯಮ ಓದಿಹೇಳಿ, “ಮನೆಯಲ್ಲೇ ಅವಳ ಜೊತೆ ಮಾತಾಡಿ. ಅದಕ್ಕೆ ಐದು ಜನ ಬೇಕಾಗುವುದಿಲ್ಲ,” ಎಂದಳು.

ಅಂದೇ ಶುರುಮಾಡಿದೆವು. “ಮೇದಿನಿ, ಬಾಗಿಲು ಹಾಕಮ್ಮ,” ಎಂದರೆ ಹುಡುಗಿ ಬಾಗಿಲು ಬಿಟ್ಟು, ಗುಟ್ಟೇನೋ ಇದೆಯೆಂದು ಕಣ್ಣರಳಿಸಿ ನಮ್ಮ ಪಕ್ಕ ಬಂದು ಕೂರುತ್ತಿದ್ದಳು. ಎಷ್ಟು ಕೇಳಿದರೂ ಉತ್ತರ ಸ್ವೀಡಿಷ್‌ನಲ್ಲೇ. ವಾರದೊಳಗೆ ನಾವೂ ಸೋತು ಇಂಗ್ಲಿಷಿಗೆ ಮರಳಿದೆವು.

ಜೂನ್‌ನಲ್ಲಿ ನನ್ನ ತಾಯಿ ಬಂದರು. ಕೋಪನ್‌ಹೇಗನ್ ವಿಮಾನ ನಿಲ್ದಾಣದಿಂದ ನಮ್ಮೂರಿಗೆ ಬರುವ ರೈಲಿನಲ್ಲಿ ಅಜ್ಜಿಯ ಎದುರು ಕುಳಿತ ಮೇದಿನಿ ಸ್ವಲ್ಪ ಹೊತ್ತು ಅವರನ್ನೇ ದಿಟ್ಟಿಸಿ, ಬಾಯಿ ತೆರೆದಳು.

“ಅಜ್ಜಿ, ಮೂರು ತಿಂಗಳು ಜಾಸ್ತಿ ಆಯ್ತು. ಒಂದು ತಿಂಗಳು ಸಾಕಾಗಿತ್ತು. ಪಪ್ಪ ಹೇಳಿದ್ದು.”

ಸ್ಪಷ್ಟ ಕನ್ನಡ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ಸುಮಾ ಕಿಟಕಿಯಾಚೆ ಸ್ವೀಡನ್ನಿನ ಪ್ರಕೃತಿ ಸೌಂದರ್ಯದಲ್ಲಿ ಮಗ್ನಳಾದಳು. ನನ್ನ ತಾಯಿ ಚೀಲದಿಂದ ಕೊಬ್ಬರಿ ಮಿಠಾಯಿ ತೆಗೆದು ಮೊಮ್ಮಗಳ ಕೈಗಿಟ್ಟರು.

“ಜಾಣೆ ಕಣೇ ನನ್ನ ಬಂಗಾರ! ನಿಮ್ಮಮ್ಮ ಏನಂದ್ಲು?”

“ಮಮ್ಮಾ ಹೇಳಿದ್ದು ಉದ್ದ ಇದೆ,” ಎಂದು ಮೇದಿನಿ ಅಜ್ಜಿಯ ಪಕ್ಕಕ್ಕೆ ಸರಿದು ಕುಳಿತಳು.

ಕನ್ನಡ ತರಗತಿ ಆರಂಭವಾಗಲಿಲ್ಲ. ನನ್ನ ತಾಯಿ ಮೂರು ತಿಂಗಳೂ ಇದ್ದು ಹೋದರು.